ಹೆಬ್ಬೆಟ್ಟು ನಮ್ಮದು, ಪುಸ್ತಕ ಅವರದು

2025ರ ಮೇ ತಿಂಗಳು. ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಸಮೀಕ್ಷೆ ನಡೆಯುತ್ತಿತ್ತು. ಬೆಂಗಳೂರಿನಲ್ಲಿ ನಾವು ಮೂವರು ಗೆಳೆಯರು ಬಾಡಿಗೆಗಿದ್ದ ರೂಮಿನ ಬಾಗಿಲಿಗೆ ಗಣತಿ ಮೇಷ್ಟ್ರು ಬಂದರು. ಒಳಮೀಸಲಾತಿ ಬೇಕೇ ಬೇಕು ಅಂತ ಬೀದಿಯಲ್ಲಿ ಗಂಟಲು ಹರಿದುಕೊಂಡವರು ನಾವು. 'ನೀವು ಎಸ್ಸಿನಾ?' ಅಂತ ಮೇಷ್ಟ್ರು ಕೇಳಿದರು. ಮೆಟ್ಟಿಲ ಮೇಲೆ ಮನೆ ಓನರಮ್ಮ ನಿಂತಿದ್ದರು. ನಮ್ಮ ನಾಲಿಗೆ ಒಣಗಿತು. 'ಆಮೇಲೆ ಬರೆಸ್ತೀವಿ ಸಾರ್' ಅಂದೆವು. ಮೇಷ್ಟ್ರು ಮುಂದಿನ ಮನೆಗೆ ಹೋದರು.

ಆ ರಾತ್ರಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೇಡಿತನವೇ? ಇರಬಹುದು. ಆದರೆ ಆ ಹೆದರಿಕೆ ನಮ್ಮ ಮೂವರ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ. ಅದಕ್ಕೊಂದು ಚರಿತ್ರೆ ಇದೆ. ಖಾಸಗಿತನ, ಡೇಟಾ ಅಂತ ಇಂಗ್ಲಿಷ್ ಪೇಪರು ಓದೋರು ಮಾತಾಡುವಾಗ, ಇದು ಹೊಟ್ಟೆ ತುಂಬಿದವರ ಕಾಯಿಲೆ ಅಂತ ನಾವೂ ನಕ್ಕಿದ್ದೆವು. ಈಗ ನಗು ಬರುತ್ತಿಲ್ಲ.

ನಮ್ಮ ತಾತ ಊರಿನ ಒಡೆಯರ ಮನೆಯಲ್ಲಿ ಜೀತಕ್ಕಿದ್ದವನು. ಮದುವೆಗೆ ಅಂತ ತಂದ ಸಾಲ. ಒಡೆಯರ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಕೆಂಪು ಬಟ್ಟೆ ಸುತ್ತಿದ ಲೆಕ್ಕದ ಪುಸ್ತಕ. ವರುಷಕ್ಕೊಂದು ಸಲ ಅದು ಜಗಲಿಗೆ ಬರುವುದು, ತಾತ ಅಂಗಳದಲ್ಲಿ ನಿಂತೇ ಬಗ್ಗಿ ಹೆಬ್ಬೆಟ್ಟು ಒತ್ತುವುದು, ಅದು ಮತ್ತೆ ಒಳಗೆ ಹೋಗುವುದು. ಒಳಗೆ ಏನು ಬರೆದಿದೆ ಅಂತ ಅವನಿಗೆ ಗೊತ್ತಿಲ್ಲ. ಅವನು ಎಷ್ಟು ಸಾಲಗಾರ ಅಂತ ಮಾತ್ರ ಊರಿಗೆಲ್ಲ ಗೊತ್ತು! 1976ರಲ್ಲಿ ಜೀತ ರದ್ದತಿ ಕಾಯಿದೆ ಬಂತು. ತಾತ ಬಿಡುಗಡೆಯಾದ. ಆ ಪುಸ್ತಕವನ್ನು ಸಾಯೋವರೆಗೂ ಅವನು ಕೈಯಲ್ಲಿ ಮುಟ್ಟಲಿಲ್ಲ.

ಹೆಬ್ಬೆಟ್ಟಿನ ಚರಿತ್ರೆ ಓದಿದರೆ ತಾತನ ಕಥೆಯೇ ದೊಡ್ಡ ಅಕ್ಷರದಲ್ಲಿ ಕಾಣುತ್ತೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಸ್ತೆ ಸಾಮಾನು ಒದಗಿಸುವ ರಾಜ್ಯಧರ ಕೋನಾಯಿ ಎಂಬುವನ ಅಂಗೈಗೆ ಮಸಿ ಬಳಿದು ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ಆಮೇಲೆ 'ಸಹಿ ನನ್ನದಲ್ಲ' ಅನ್ನದ ಹಾಗೆ ಅವನನ್ನು ಹೆದರಿಸುವುದೇ ತನ್ನ ಉದ್ದೇಶವಾಗಿತ್ತು ಅಂತ ಹರ್ಷೆಲನೇ ಮುಂದೆ ಬರೆದುಕೊಂಡಿದ್ದಾನೆ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚಿನ ಕಚೇರಿಯೇ ಶುರುವಾಯಿತು. ಬೆರಳಚ್ಚುಗಳನ್ನು ವಿಂಗಡಿಸುವ ಲೆಕ್ಕಾಚಾರಕ್ಕೆ ಬೆವರು ಸುರಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಆ ಪದ್ಧತಿಗೆ ಹೆಸರು ಮಾತ್ರ ಅವರ ಸಾಹೇಬ ಎಡ್ವರ್ಡ್ ಹೆನ್ರಿಯದು.

ಈ ಬೆರಳಚ್ಚು ಯಾರ ಮೇಲೆ ಮೊದಲು ಬಿತ್ತು? 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ತಂದರು. ಕಳ್ಳತನ ಮಾಡಿದವನಲ್ಲ ಕಳ್ಳ, ಆ ಜಾತಿಯಲ್ಲಿ ಹುಟ್ಟಿದವನೇ ಕಳ್ಳ. ಮನುವಿಗೂ ಬ್ರಿಟಿಷರಿಗೂ ಎಷ್ಟು ಚೆನ್ನಾಗಿ ಹೊಂದಿಕೊಂಡಿತು ನೋಡಿ. 1911ರಲ್ಲಿ ಕಾಯಿದೆಯನ್ನು ದಕ್ಷಿಣಕ್ಕೂ ಚಾಚಿ, ರಿಜಿಸ್ಟರಿನಲ್ಲಿ ಹೆಸರಿದ್ದವರ ಬೆರಳಚ್ಚು ತೆಗೆಯುವ ಅಧಿಕಾರ ಕೊಟ್ಟರು. ಹೆಸರು ಬರೆಸಬೇಕು, ಹೇಳಿದ ಹೊತ್ತಿಗೆ ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಚೀಟಿ ಬೇಕು. ನಮ್ಮ ಹುಬ್ಬಳ್ಳಿಯಲ್ಲೂ ಅಂಥವರನ್ನು ಕೂಡಿಹಾಕಲು ಸೆಟ್ಲ್‌ಮೆಂಟ್ ಕಟ್ಟಿದರು. ಆ ಜಾಗವನ್ನು ಇವತ್ತಿಗೂ ಜನ ಸೆಟ್ಲ್‌ಮೆಂಟ್ ಅಂತಲೇ ಕರೆಯುತ್ತಾರೆ. ಕಾಯಿದೆ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ ಆ ಜನಕ್ಕೆ ಬಂತು. ಬಂತು ಅನ್ನೋದೂ ಹೆಚ್ಚಾಯಿತು. 'ರೂಢಿಗತ ಅಪರಾಧಿ' ಅನ್ನೋ ಹೊಸ ಹೆಸರಿನ ಕಾಯಿದೆಗಳು ರಾಜ್ಯ ರಾಜ್ಯಗಳಲ್ಲಿ ಹಳೇ ರಿಜಿಸ್ಟರಿಗೆ ಹೊಸ ರಟ್ಟು ಹಾಕಿದವು.

ಖಾಸಗಿತನ ಅನ್ನೋದು ಶ್ರೀಮಂತರ ಹಕ್ಕು ಅನ್ನುವವರು ಖಡಕ್ ಸಿಂಗ್ ಮೊಕದ್ದಮೆ ಓದಬೇಕು. ಉತ್ತರ ಪ್ರದೇಶದ ಈತನ ಮೇಲೆ 1941ರಲ್ಲಿ ಡಕಾಯಿತಿ ಆರೋಪ ಬಂತು. ಸಾಕ್ಷಿ ಇಲ್ಲವೆಂದು ಬಿಟ್ಟರು. ಬಿಟ್ಟ ಮೇಲೂ ಪೊಲೀಸರು ಅವನ ಹೆಸರಲ್ಲಿ ಹಿಸ್ಟರಿ ಶೀಟ್ ತೆರೆದರು. ರಾತ್ರಿ ಹೊತ್ತು ಬಾಗಿಲು ಬಡಿಯುವುದು, ಕೂಗುವುದು, ನಿದ್ದೆಯಿಂದ ಎಬ್ಬಿಸುವುದು. ಆತ ಸುಪ್ರೀಂ ಕೋರ್ಟಿಗೆ ಹೋದ. 1962ರ ಡಿಸೆಂಬರಿನಲ್ಲಿ ತೀರ್ಪು ಬಂತು: ರಾತ್ರಿ ಮನೆಗೆ ನುಗ್ಗುವುದು ತಪ್ಪು, ಆದರೆ ಖಾಸಗಿತನ ಅನ್ನೋ ಹಕ್ಕು ಸಂವಿಧಾನದಲ್ಲಿಲ್ಲ. ನ್ಯಾಯಮೂರ್ತಿ ಸುಬ್ಬರಾವ್ ಮಾತ್ರ ಇನ್ನೊಬ್ಬ ನ್ಯಾಯಮೂರ್ತಿಯ ಜೊತೆ ನಿಂತು ಈ ಮಾತನ್ನು ಒಪ್ಪಲಿಲ್ಲ. ಆ ತೀರ್ಪಿನ ತಪ್ಪು ಮಾತು ಅಳಿಯಲು ಐವತ್ತನಾಲ್ಕು ವರ್ಷ ಹಿಡಿಯಿತು. ಆಧಾರ್ ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿದರು.

ಮರುವರ್ಷ ಅದೇ ಕೋರ್ಟು ಬಹುಮತದಿಂದ ರೇಷನ್ನಿಗೆ ಆಧಾರ್ ಇರಲಿ ಅಂದಿತು. ನಮ್ಮವ್ವ ಕಳೆ ಕಿತ್ತು, ಪಾತ್ರೆ ತಿಕ್ಕಿ, ಬೆರಳ ಗೆರೆಯನ್ನೆಲ್ಲ ಒಡೆಯರ ಹೊಲಮನೆಗೇ ಬಿಟ್ಟು ಬಂದವಳು. ಸೊಸೈಟಿ ಅಂಗಡಿಯ ಮೆಷಿನ್ನು ಅವಳ ಬೆರಳನ್ನು ಮೂರು ಸಲ ಒಪ್ಪಲಿಲ್ಲ. 'ನಾನು ನಾನೇ ಕಣಪ್ಪ' ಅಂದಳು. ಅಂಗಡಿಯವನು ನಕ್ಕ, ಸಾಲಿನಲ್ಲಿದ್ದೋರೂ ನಕ್ಕರು. ತಾತನ ಹೆಬ್ಬೆಟ್ಟು ಕೇಳದೇ ಸೇರಿಸಿಕೊಂಡಿತ್ತು ಒಡೆಯರ ಪುಸ್ತಕ. ಈ ಪುಸ್ತಕ ಅವನ ಮಗಳ ಬೆರಳನ್ನು ಆಚೆಗೆ ನೂಕಿತು.

ಹಾಗಂತ ನಮ್ಮನ್ನು ಲೆಕ್ಕಕ್ಕೇ ಹಿಡಿಯಬೇಡಿ ಅಂತ ನಾವು ಹೇಳುವ ಹಾಗಿಲ್ಲ. ಲೆಕ್ಕವಿಲ್ಲದಿದ್ದರೆ ಮೀಸಲಾತಿ ಇಲ್ಲ, ಹಾಸ್ಟೆಲಿಲ್ಲ, ಈ ಬರಹ ಬರೆಯೋ ಕೈಯೂ ಇಲ್ಲ. ಸಿಟ್ಟು ಬೇರೆ ಕಡೆ ಇದೆ. ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್ ಬಂದಾಗ 'ಎಸ್ಸಿಗಳು ಎದ್ದು ನಿಲ್ಲಿ' ಅಂತಿದ್ದರು. ನಾವು ಏಳು ಜನ ನಿಲ್ಲುತ್ತಿದ್ದೆವು. ಕೂತಿದ್ದವರ ಜಾತಿ ಏನು ಅಂತ ಯಾವ ಮೇಷ್ಟ್ರೂ ಒಂದು ದಿನ ಕೇಳಲಿಲ್ಲ. ಅವರ ಜಾತಿಯೂ ಅದೇ ದಾಖಲಾತಿ ಪುಸ್ತಕದಲ್ಲಿತ್ತು. ಅದು ಬೀರುವಿನಲ್ಲಿತ್ತು, ನಮ್ಮದು ಕರಿಹಲಗೆಯ ಮೇಲಿತ್ತು. ಇದನ್ನು ಓದುವ ಮೇಷ್ಟ್ರುಗಳೇ, ಆ ಪಟ್ಟಿಯನ್ನು ಆಫೀಸ್ ರೂಮಿನಲ್ಲಿ ಒಬ್ಬೊಬ್ಬರನ್ನೇ ಕರೆದು ಓದಿದರೆ ಏನು ಗಂಟು ಹೋಗುತ್ತೆ?

ಜೈಲಿನ ರಿಜಿಸ್ಟರಿನಲ್ಲೂ ಜಾತಿಗೊಂದು ಕಾಲಂ ಇತ್ತು. ಜಾತಿ ನೋಡಿ ಒಬ್ಬನಿಗೆ ಅಡುಗೆ, ಇನ್ನೊಬ್ಬನಿಗೆ ಕಕ್ಕಸು. ಪತ್ರಕರ್ತೆ ಸುಕನ್ಯಾ ಶಾಂತಾ ಇದನ್ನು ಬರೆದು, ಕೋರ್ಟಿಗೂ ಹೋದರು. 2024ರ ಅಕ್ಟೋಬರ್ 3ರಂದು ಆ ಕಾಲಂ ತೆಗೆಯಿರಿ ಅಂತ ಸುಪ್ರೀಂ ಕೋರ್ಟು ಹೇಳಿತು. ಗಣರಾಜ್ಯಕ್ಕೆ ಆಗ ಎಪ್ಪತ್ತನಾಲ್ಕು ವರ್ಷ.

ಇನ್ನೊಂದು ತಮಾಷೆ ಕೇಳಿ. 2023ರಲ್ಲಿ ಡೇಟಾ ರಕ್ಷಣೆಯ ಕಾಯಿದೆ ಬಂತಲ್ಲ, ಅದರ 44ನೇ ಕಲಮು ಮಾಹಿತಿ ಹಕ್ಕು ಕಾಯಿದೆಯನ್ನೇ ತಿದ್ದಿತು. ಒಬ್ಬರ ವೈಯಕ್ತಿಕ ಮಾಹಿತಿ ಅಂದರೆ ಸಾಕು, ಕೊಡೋದಿಲ್ಲ ಅನ್ನಲು ದಾರಿ ಸಲೀಸಾಯಿತು. ಸಾರ್ವಜನಿಕ ಹಿತದ ಕಿಂಡಿಯೊಂದು 8(2)ರಲ್ಲಿ ಉಳಿದಿದೆ, ನಿಜ. ಆದರೆ ಕಿಂಡಿಯಲ್ಲಿ ಇಣುಕಲು ಬಿಡೋನು ಅದೇ ಸಾಹೇಬ. ನಮ್ಮ ಕಡೆ ಹುಡುಗರು ಹಿಂದೆ ಉದ್ಯೋಗ ಖಾತ್ರಿಯ ಎನ್ಎಂಆರ್ ತೆಗೆಸಿದಾಗ ಸತ್ತವರ ಹೆಸರಲ್ಲಿ ಕೂಲಿ ಬಿದ್ದಿತ್ತು. ನಾಳೆ ಕೇಳಿದರೆ ಸತ್ತವರ ಖಾಸಗಿತನ ಅಂತಾರೋ ಏನೋ. ನಮ್ಮ ಗುಟ್ಟು ಕಾಯುತ್ತೇವೆ ಅಂತ ಬಂದ ಕಾಯಿದೆ ಮತ್ತೆ ಒಡೆಯರ ಪುಸ್ತಕಕ್ಕೇ ಕೆಂಪು ಬಟ್ಟೆ ಸುತ್ತುತ್ತಿದೆ.

ಮೂರು ನಾಲ್ಕು ದಿನ ಕಳೆದ ಮೇಲೆ ನಾವು ಮೂವರೂ ಹತ್ತಿರದ ಶಾಲೆಯೊಂದರಲ್ಲಿದ್ದ ಸಮೀಕ್ಷೆಯ ಶಿಬಿರಕ್ಕೆ ಹೋದೆವು. ಅಲ್ಲಿದ್ದ ಮೇಡಂ ಬಾಗಿಲು ಮುಂದಕ್ಕೆ ಎಳೆದು ಕೂತು ಕೇಳಿದರು. ನೆಟ್‌ವರ್ಕ್ ಎರಡು ಸಲ ಹೋಯಿತು. ಕೊನೆಗೆ ಮೊಬೈಲನ್ನು ನಮ್ಮ ಕಡೆ ತಿರುಗಿಸಿ, 'ಬರೆದಿರೋದು ಸರಿ ಇದೆಯಾ ನೀವೇ ಓದ್ಕೊಳ್ಳಿ' ಅಂದರು. ಒಬ್ಬನ ಅಪ್ಪನ ಹೆಸರಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ತಿದ್ದಿಸಿದೆವು.