ಭೂ ಅಭಿವೃದ್ಧಿ ನಿಯಂತ್ರಣ ಮತ್ತು ನೀರಿನ ಮೂಲಗಳ ಸಂರಕ್ಷಣೆ: ತಿಪ್ಪಗೊಂಡನಹಳ್ಳಿ ಹಾಗೂ ಅಂಕೋಲಾ ಕರಾವಳಿ

ಕೃಷಿ ಜಮೀನನ್ನು ನಿವೇಶನಗಳಾಗಿ ಪರಿವರ್ತಿಸುವಾಗ ಅಥವಾ ಹೊಸದಾಗಿ ಕೊಳವೆ ಬಾವಿ ಕೊರೆಸುವಾಗ ಅನ್ವಯಿಸುವ ನಿಯಮಗಳು ಒಂದೇ ಕಾಯ್ದೆಯಲ್ಲಿ ದೊರೆಯುವುದಿಲ್ಲ. ಅವುಗಳ ಹಿನ್ನೆಲೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ರಾಜ್ಯದಲ್ಲಿ ನಗರವೊಂದರ ನೀರಿನ ಮೂಲವನ್ನು ಉಳಿಸಲು ಭೂ ಬಳಕೆಯನ್ನೇ ನಿರ್ಬಂಧಿಸಿದ ಪ್ರಮುಖ ನಿದರ್ಶನವೆಂದರೆ ತಿಪ್ಪಗೊಂಡನಹಳ್ಳಿ ಜಲಾಶಯದ್ದು. ನಂದಿ ಬೆಟ್ಟದ ಕಡೆಯಿಂದ ಹರಿದು ಬರುವ ಅರ್ಕಾವತಿ ಮತ್ತು ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿ ನದಿಗಳು ಸೇರುವಲ್ಲಿ 1933ರಲ್ಲಿ ಈ ಜಲಾಶಯ ಪೂರ್ಣಗೊಂಡಿತು. ಚಾಮರಾಜಸಾಗರವೆಂದೂ ಕರೆಯಲ್ಪಡುವ ಇದು, 1974ರಲ್ಲಿ ಕಾವೇರಿ ನೀರು ಬರುವವರೆಗೆ ಬೆಂಗಳೂರಿನ ಮುಖ್ಯ ಆಸರೆಯಾಗಿತ್ತು. ಕಾಲಕ್ರಮೇಣ ಒಳಹರಿವು ಕ್ಷೀಣಿಸುತ್ತ ಬಂದ ಹಿನ್ನೆಲೆಯಲ್ಲಿ ಸರ್ಕಾರವು ದಿನಾಂಕ 18-11-2003ರಂದು ಅಧಿಸೂಚನೆ ಹೊರಡಿಸಿ, ಇಡೀ ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿತು. ಜಲಾಶಯದ ಅಂಚಿನಿಂದ 2 ಕಿ.ಮೀ. ವ್ಯಾಪ್ತಿ ಮತ್ತು ನದಿಗಳ ದಡದಿಂದ 1 ಕಿ.ಮೀ. ವ್ಯಾಪ್ತಿಯನ್ನು ಪ್ರತ್ಯೇಕ ವಲಯಗಳೆಂದು ಗುರುತಿಸಿ ಕಟ್ಟಡ ಹಾಗೂ ಕೈಗಾರಿಕೆಗಳಿಗೆ ಮಿತಿ ಹೇರಲಾಯಿತು. ಕಟ್ಟಡಗಳಲ್ಲಿ ಮಳೆನೀರು ಸಂಗ್ರಹಣೆಗೂ ಅವಕಾಶ ಕಲ್ಪಿಸಲಾಯಿತು. ಮುಂದಿನ ವರ್ಷಗಳಲ್ಲಿ ಈ ವಲಯಗಳು ಪರಿಷ್ಕರಣೆಗೆ ಒಳಗಾಗಿರುವುದರಿಂದ, ಆ ಭಾಗದಲ್ಲಿ ಜಮೀನು ಖರೀದಿಸುವವರು 2003ರ ಆದೇಶದ ಪ್ರತಿಯೊಂದನ್ನೇ ನಂಬಿ ಮುಂದುವರಿಯತಕ್ಕದ್ದಲ್ಲ.

ಆದರೆ ಅಧಿಸೂಚನೆಯಿಂದ ಜಲಾಶಯ ತುಂಬಲಿಲ್ಲ. 2012ರಲ್ಲಿ ಅಲ್ಲಿಂದ ಬೆಂಗಳೂರಿಗೆ ನೀರು ಪೂರೈಕೆಯೇ ನಿಂತುಹೋಯಿತು. ಕಾರಣವೇನೆಂಬ ಬಗ್ಗೆ ಏಟ್ರೀ ಸಂಸ್ಥೆಯ ಸಂಶೋಧಕರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು ಗಮನಾರ್ಹವಾಗಿದೆ. ಮಳೆ ಕಡಿಮೆಯಾದದ್ದು ಮುಖ್ಯ ಕಾರಣವಲ್ಲ, ಕೊಳವೆ ಬಾವಿಗಳ ಮೂಲಕ ಅಂತರ್ಜಲವನ್ನು ಅತಿಯಾಗಿ ಎತ್ತಿದ್ದು ಮತ್ತು ನೀಲಗಿರಿ ನೆಡುತೋಪುಗಳು ವಿಸ್ತರಿಸಿದ್ದು ಹೆಚ್ಚು ಸಂಭವನೀಯ ಕಾರಣಗಳೆಂದು ಅದರಲ್ಲಿ ವಿವರಿಸಲಾಗಿದೆ. ಹಿಂದೆ ಭೂಮಿಯೊಳಗಿನ ನೀರೇ ಒಸರಿ ಹಳ್ಳ, ನದಿಗಳ ಹರಿವನ್ನು ಕಾಯುತ್ತಿತ್ತು. ಅಂತರ್ಜಲ ಮಟ್ಟ ನೂರಾರು ಅಡಿ ಕೆಳಗಿಳಿದ ಮೇಲೆ ಆ ಒಸರು ನಿಂತಿತು. ಲೆಕ್ಕಪತ್ರದ ಮಾತಿನಲ್ಲಿ ಹೇಳುವುದಾದರೆ, ಬಡ್ಡಿಯೆಂದು ತಿಳಿದು ಅಸಲನ್ನೇ ಖರ್ಚು ಮಾಡಲಾಗಿತ್ತು. ಕಟ್ಟಡಗಳ ಮೇಲಿನ ನಿರ್ಬಂಧ ಕಾಗದದಲ್ಲಿ ಎಷ್ಟೇ ಬಿಗಿಯಾಗಿದ್ದರೂ, ಅದರ ಜೊತೆಗೆ ಬಾವಿಗಳ ನಿಯಂತ್ರಣ ಇಲ್ಲದಿದ್ದರೆ ಫಲ ಅರ್ಧದಷ್ಟೂ ಸಿಗದು.

ಬಾವಿಗಳಿಗೆ ಸಂಬಂಧಿಸಿದಂತೆ ರಾಜ್ಯದಲ್ಲಿ ಎರಡು ಅಧಿನಿಯಮಗಳಿವೆ. ಕುಡಿಯುವ ನೀರಿನ ಮೂಲಗಳ ಸಂರಕ್ಷಣೆಗಾಗಿ ಅಂತರ್ಜಲ ವಿನಿಯಮನ ಅಧಿನಿಯಮ, 1999ರ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ಕರ್ನಾಟಕ ಅಂತರ್ಜಲ (ಅಭಿವೃದ್ಧಿ ಮತ್ತು ನಿರ್ವಹಣೆ ವಿನಿಯಮನ ಮತ್ತು ನಿಯಂತ್ರಣ) ಅಧಿನಿಯಮ, 2011ರ ಮೇರೆಗೆ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಪೂರ್ವಾನುಮತಿಯೂ, ಇರುವ ಬಾವಿಗೆ ನೋಂದಣಿಯೂ ಕಡ್ಡಾಯ. ಸದರಿ ಅಧಿನಿಯಮದ ಅನುಷ್ಠಾನಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಸಮಿತಿ ಇರುತ್ತದೆ.

ಕರಾವಳಿಯ ಪರಿಸ್ಥಿತಿ ಇದಕ್ಕಿಂತ ಭಿನ್ನ. ಅಂಕೋಲಾ, ಕಾರವಾರ ತಾಲ್ಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಕೊರತೆಯಿಲ್ಲ. ಇಷ್ಟು ಮಳೆಯ ನಾಡಿಗೆ ನೀರಿನ ಕಾನೂನು ಏಕೆಂದು ಕೇಳುವವರೂ ಇದ್ದಾರೆ. ಆದರೆ ಚಿರೆಕಲ್ಲಿನ ನೆಲದಲ್ಲಿ ಇಂಗಿದ ನೀರು ಬೇಗನೆ ತಗ್ಗಿಗೆ ಜಾರಿ ಹಳ್ಳ, ಹೊಳೆ, ಸಮುದ್ರ ಸೇರುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ತೆರೆದ ಬಾವಿಗಳ ತಳ ಕಾಣುವುದುಂಟು. ಅದಕ್ಕಿಂತ ಗಂಭೀರವಾದದ್ದು ಉಪ್ಪುನೀರು. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿದಂತೆ ನಿಂತಿರುತ್ತದೆ. ಸಮುದ್ರಮಟ್ಟಕ್ಕಿಂತ 1 ಮೀಟರ್ ಎತ್ತರದಲ್ಲಿ ಅಂತರ್ಜಲವಿದ್ದರೆ, ಅದರ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು ಇರಬಹುದೆಂಬುದು ತಜ್ಞರ ಸಾಮಾನ್ಯ ಲೆಕ್ಕ. ಪಂಪಿನಿಂದ ಮೇಲಿನ ಮಟ್ಟ ಅರ್ಧ ಮೀಟರ್ ಇಳಿದರೆ ಕೆಳಗಿನ ಉಪ್ಪುನೀರು ಕಾಲಾಂತರದಲ್ಲಿ 20 ಮೀಟರ್‌ನಷ್ಟು ಮೇಲೇರಬಹುದು. ಒಮ್ಮೆ ಉಪ್ಪಾದ ಬಾವಿ ಒಂದೆರಡು ಮಳೆಗಾಲಕ್ಕೆ ತಿಳಿಯಾಗುವುದು ವಿರಳ. ನೆರೆಯವನು ಕೊರೆಸಿದ ಕೊಳವೆ ಬಾವಿಯಿಂದ ತನ್ನ ಅಜ್ಜನ ಕಾಲದ ಬಾವಿ ಹಾಳಾದರೆ, ಆ ಕುಟುಂಬಕ್ಕೆ ಪರಿಹಾರದ ದಾರಿ ಸುಲಭವಲ್ಲ.

ಈ ಕಾರಣದಿಂದಲೇ ಕೇಂದ್ರ ಸರ್ಕಾರವು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳಲ್ಲಿ (1991, 2011, 2019) ಅಂತರ್ಜಲ ಎತ್ತುವಿಕೆಯನ್ನು ನಿರ್ಬಂಧಿತ ಚಟುವಟಿಕೆಗಳಲ್ಲಿ ಸೇರಿಸಿದೆ. 2011ರ ಅಧಿಸೂಚನೆಯು ಉಬ್ಬರದ ರೇಖೆಯಿಂದ 200 ಮೀಟರ್ ಒಳಗೆ ಸ್ಥಳೀಯ ನಿವಾಸಿಗಳ ಸ್ವಂತ ಬಳಕೆಯನ್ನು ಮಾತ್ರ ಮನ್ನಿಸಿತ್ತು. 200ರಿಂದ 500 ಮೀಟರ್‌ವರೆಗೆ ಬೇರೆ ಮೂಲವಿಲ್ಲದಿದ್ದಲ್ಲಿ, ಕುಡಿಯಲು, ಕೃಷಿ, ತೋಟಗಾರಿಕೆ ಹಾಗೂ ಮೀನುಗಾರಿಕೆಗೆ ಸಾಮಾನ್ಯ ಬಾವಿಯಿಂದ ಕೈಯಿಂದಲೇ ಸೇದಬೇಕೆಂದು ವಿಧಿಸಿತ್ತು.

500 ಮೀಟರ್ ದಾಟಿದ ಮೇಲೆ ಪ್ರಶ್ನೆ ಬೇರೆಯಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹುಬ್ಬಳ್ಳಿ ಕಡೆಯ ಹೆದ್ದಾರಿ 52 ಕೂಡುವ ಬಾಳೆಗುಳಿಯಂತಹ ಸ್ಥಳಗಳಲ್ಲಿ ನಿವೇಶನ, ಹೋಟೆಲು, ಗೋದಾಮುಗಳಿಗೆ ಬೇಡಿಕೆ ಸಹಜ. ಮಣ್ಣು ತುಂಬಿಸಿ ತಗ್ಗು ಗದ್ದೆಯನ್ನು ಎತ್ತರಿಸಿದಾಗ ಮಳೆನೀರು ನಿಂತು ಇಂಗುತ್ತಿದ್ದ ಜಾಗ ಇಲ್ಲವಾಗುತ್ತದೆ. ಗಜನಿ ಭೂಮಿಯ ಕಟ್ಟೆ ಒಡೆದರೆ ಉಪ್ಪುನೀರು ಒಳಗೆ ಬರುತ್ತದೆ. ಇಲ್ಲಿ ನಿಯಂತ್ರಣದ ಮುಖ್ಯ ಸಾಧನಗಳು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 95ರ ಭೂಪರಿವರ್ತನೆ ಮತ್ತು ನಗರ ಹಾಗೂ ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಮೇರೆಗಿನ ವಿನ್ಯಾಸ ಅನುಮೋದನೆ. ಇವೆರಡೂ ಪ್ರಧಾನವಾಗಿ ನೆಲದ ಮೇಲಿನ ಬಳಕೆಯನ್ನು ನೋಡುತ್ತವೆ. ನೆಲದ ಕೆಳಗಿನದನ್ನು ಅರ್ಜಿದಾರರೇ ಮುಂದಾಗಿ ವಿಚಾರಿಸುವುದು ಒಳಿತು.

ವಿನ್ಯಾಸ ರೂಪಿಸುವವರು ಹಾಗೂ ಬಾವಿ ತೋಡಿಸುವವರು ಸ್ಥಳದ ಸರ್ವೆ ನಂಬರು ಮತ್ತು ನಕ್ಷೆಯೊಂದಿಗೆ ಮೊದಲು ಜಿಲ್ಲಾ ಅಂತರ್ಜಲ ಕಚೇರಿಯನ್ನು ಸಂಪರ್ಕಿಸಿ, 500 ಮೀಟರ್ ಒಳಗೆ ಪಂಚಾಯಿತಿ ಅಥವಾ ಪುರಸಭೆಯ ಕುಡಿಯುವ ನೀರಿನ ಬಾವಿ ಇದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ಸಮುದ್ರ ಅಥವಾ ಉಬ್ಬರದ ನೀರು ಬರುವ ಹೊಳೆಗೆ ಸಮೀಪದ ಜಮೀನಾದಲ್ಲಿ ಕರಾವಳಿ ವಲಯ ನಿರ್ವಹಣಾ ನಕ್ಷೆಯನ್ನೂ ಪರಿಶೀಲಿಸಬೇಕು. ನಿವೇಶನ ಖರೀದಿಸುವವರು ಭೂಪರಿವರ್ತನೆ ಆದೇಶದ ಪ್ರತಿಯ ಜೊತೆಗೆ, ಮೇ ತಿಂಗಳಲ್ಲಿ ಅಕ್ಕಪಕ್ಕದ ಬಾವಿಗಳ ನೀರು ಸವಿದು ನೋಡುವುದನ್ನೂ ಮರೆಯಬಾರದು.