ವದಂತಿ: ಅಧ್ಯಯನದ ಇತಿಹಾಸ

ಖಚಿತ ಮೂಲವಿಲ್ಲದೆ ಬಾಯಿಂದ ಬಾಯಿಗೆ ದಾಟುವ ಸುದ್ದಿಯೇ ವದಂತಿ. ಗಾಳಿಮಾತು, ಗುಲ್ಲು, ಪುಕಾರು ಎಂದೂ ಕರೆಯುತ್ತಾರೆ. ಯಾರು ಹೇಳಿದ್ದೆಂದು ವಿಚಾರಿಸಿದರೆ ‘ಯಾರೋ ಹೇಳಿದ್ರು’ ಎಂಬ ಉತ್ತರ ಬರುವುದೇ ಅದರ ಗುರುತು.

ಜನ ಇದನ್ನು ಏಕೆ ನಂಬುತ್ತಾರೆಂಬ ಪ್ರಶ್ನೆಗೆ ಒಂದು ಅನಿರೀಕ್ಷಿತ ಉತ್ತರದ ಎಳೆ ಸಿಕ್ಕಿದ್ದು ಬಿಹಾರದಲ್ಲಿ. 1934ರ ಜನವರಿ 15ರ ಭೂಕಂಪದ ನಂತರ ಹಬ್ಬಿದ ಮಾತುಗಳನ್ನು ಮನೋವಿಜ್ಞಾನಿ ಜಮುನಾ ಪ್ರಸಾದ್ ಕಲೆಹಾಕಿ ಮರುವರ್ಷ ಪ್ರಕಟಿಸಿದರು. ಗಂಗೆಯ ನೀರು ಮಾಯವಾಗಿ ಸ್ನಾನಕ್ಕಿಳಿದವರು ಮರಳಲ್ಲಿ ಹೂತುಹೋದರಂತೆ. ಚಂದ್ರಗ್ರಹಣದ ದಿನ ಭೂಮಿ ಮತ್ತೆ ನಡುಗುತ್ತದಂತೆ. ಫೆಬ್ರವರಿ 26ಕ್ಕೆ ಪ್ರಳಯವಂತೆ! ಸೋಜಿಗವೆಂದರೆ, ಇದನ್ನೆಲ್ಲ ಹೇಳುತ್ತಿದ್ದವರು ಕಂಪನವನ್ನು ಅನುಭವಿಸಿದ್ದರೇ ಹೊರತು ಮನೆಮಠ ಕಳೆದುಕೊಂಡವರಲ್ಲ. ದಾರ್ಜಿಲಿಂಗ್‌ನ ಭೂಕುಸಿತದ ವದಂತಿಗಳನ್ನು ದುರ್ಗಾನಂದ ಸಿನ್ಹಾ 1952ರಲ್ಲಿ ವರದಿ ಮಾಡಿದರು. ಹಾನಿ ಕಣ್ಣೆದುರೇ ಬಿದ್ದಿದ್ದ ಅಲ್ಲಿ ಮುಂದಿನ ಪ್ರಳಯದ ಮಾತಿರಲಿಲ್ಲ. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಈ ಒಗಟನ್ನು ಬಿಡಿಸಿದರು: ವದಂತಿ ಭಯ ಹುಟ್ಟಿಸುವುದಿಲ್ಲ, ಆಗಲೇ ಹುಟ್ಟಿರುವ ಭಯವೇ ತನಗೊಂದು ಕಾರಣ ಹುಡುಕಿಕೊಳ್ಳುತ್ತದೆ. 1957ರ ಅವರ ಪ್ರಸಿದ್ಧ ‘ಅರಿವಿನ ಅಸಾಂಗತ್ಯ’ (ಕಾಗ್ನಿಟಿವ್ ಡಿಸೊನೆನ್ಸ್) ಸಿದ್ಧಾಂತದ ಬೀಜ ಇಲ್ಲಿದೆ.

ಈ ನಡುವೆ, 1947ರಲ್ಲಿ ಮನೋವಿಜ್ಞಾನಿಗಳಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಒಂದು ಲೆಕ್ಕ ಮುಂದಿಟ್ಟಿದ್ದರು. ವಿಷಯದ ಮಹತ್ವವನ್ನು ಅದರ ಅಸ್ಪಷ್ಟತೆಯಿಂದ ಗುಣಿಸಿದರೆ ವದಂತಿಯ ಬಲ. ಎರಡರಲ್ಲಿ ಒಂದು ಸೊನ್ನೆಯಾದರೂ ವದಂತಿಯಿಲ್ಲ. ಅವರ ಪ್ರಯೋಗದ ರೈಲಿನ ಚಿತ್ರದಲ್ಲಿ ಕ್ಷೌರದ ಕತ್ತಿ ಇದ್ದದ್ದು ಬಿಳಿಯನ ಕೈಯಲ್ಲಿ. ಒಬ್ಬರಿಂದೊಬ್ಬರಿಗೆ ವರ್ಣನೆ ದಾಟುತ್ತ ಹೋದಂತೆ ಅದು ಎಷ್ಟೋ ಸಲ ಕರಿಯನ ಕೈ ಸೇರಿತು. ಸೂತ್ರಕ್ಕಿಂತ ಆ ಕತ್ತಿಯೇ ಹೆಚ್ಚು ಹೇಳುತ್ತದೆ.

ವದಂತಿಗಳಿಗೆ ಕರ್ನಾಟಕವೂ ಹೊರತಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ರಾತ್ರಿ ದೆವ್ವವೊಂದು ಪರಿಚಿತರ ದನಿಯಲ್ಲಿ ಕರೆಯುತ್ತದೆಂಬ ಪುಕಾರೆದ್ದಿತು. ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ನಂಬದವರೂ ಬರೆದಿದ್ದರೆ ಅಚ್ಚರಿಯಿಲ್ಲ. ಎರಡು ಪದ ಗೀಚಲು ಖರ್ಚೇನು?

2012ರ ಆಗಸ್ಟ್‌ನ ಗುಲ್ಲು ಅಷ್ಟು ಅಗ್ಗವಾಗಿರಲಿಲ್ಲ. ತಮ್ಮ ಮೇಲೆ ದಾಳಿಯಾಗಲಿದೆಯೆಂಬ ಮಾತು ಕೇಳಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟರು. ಅಸ್ಸಾಂನಲ್ಲಿ ಆಗಷ್ಟೇ ನಡೆದಿದ್ದ ಹಿಂಸಾಚಾರ ಅವರ ಮನಸ್ಸಿನಲ್ಲಿತ್ತು. ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಸರ್ಕಾರ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸುವುದನ್ನು ತಾತ್ಕಾಲಿಕವಾಗಿ ನಿಷೇಧಿಸಿತು.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೊರ ಊರಿನವರನ್ನು ಮಕ್ಕಳ ಕಳ್ಳರೆಂದು ಜನ ಬಗೆದರು. ಅವರ ಕಾರು ಮುರ್ಕಿ ಗ್ರಾಮ ಮುಟ್ಟುವ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ಅಲ್ಲಿಗೆ ಮುಟ್ಟಿತ್ತು. ಗುಂಪಿನ ಹೊಡೆತಕ್ಕೆ ಒಬ್ಬರು ಸತ್ತರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಇಷ್ಟೇ ಚಾಟ್‌ಗಳಿಗೆ ಫಾರ್ವರ್ಡ್ ಮಾಡಬಹುದೆಂಬ ಮಿತಿ ಪ್ರಕಟಿಸಿತು. ಅಂಕಿ ಮತ್ತೆ ಐದೇ.