ರಾಜ್ಯನೀತಿಯೂ ಸಮಾಜಸ್ಥಿತಿಯೂ

ರಾಜ್ಯದ ಕಟ್ಟಳೆಗಳು ಕೇವಲ ಅಂಕೆಸಂಖ್ಯೆಗಳಿಂದ ಹುಟ್ಟತಕ್ಕವಲ್ಲ. ಆಳುವವರ ಮನೋಧರ್ಮ, ಪ್ರಜೆಗಳ ಸಂಘಟನೆ, ಕಾಲದ ಒತ್ತಾಯ ಈ ಮೂರೂ ಕೂಡಿ ಅವುಗಳಿಗೆ ರೂಪವನ್ನು ಕೊಡುವುವು. ಲಿಂಗಾಯತ ಸಮಾಜವು ಹಿಂದುಳಿದುದೋ ಅಲ್ಲವೋ ಎಂಬ ಒಂದೇ ಪ್ರಶ್ನೆಗೆ ಈ ನಾಡಿನ ಸರ್ಕಾರಗಳು ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿರುವುದೇ ಇದಕ್ಕೆ ನಿದರ್ಶನವು.

ಮೈಸೂರು ಸಂಸ್ಥಾನದಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯಿದ್ದು, ಅಹವಾಲುಗಳನ್ನು ಅರಮನೆಗೆ ಮುಟ್ಟಿಸುವ ಪದ್ಧತಿಯು ಬೆಳೆದಿದ್ದಿತು. ಸರ್ಕಾರದ ಹುದ್ದೆಗಳಾದರೋ ಬಹುಮಟ್ಟಿಗೆ ಬ್ರಾಹ್ಮಣರ ಕೈಯಲ್ಲಿದ್ದುವು. ಲಿಂಗಾಯತ, ಒಕ್ಕಲಿಗ, ಮುಸಲ್ಮಾನ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಳಿಯನ್ನು ಕಟ್ಟಿ ನ್ಯಾಯವನ್ನು ಬೇಡಿದರು. ಯೋಗ್ಯತೆಯೊಂದೇ ಪ್ರಮಾಣವಾಗಬೇಕೆಂಬುದು ದಿವಾನ್ ವಿಶ್ವೇಶ್ವರಯ್ಯನವರ ಮತ. ಆದಾಗ್ಯೂ ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗಾಗಿ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧವೂ ಕೆಳದರ್ಜೆಯವುಗಳಲ್ಲಿ ಮೂರರಲ್ಲೆರಡು ಪಾಲೂ ಹಿಂದುಳಿದವರಿಗೆ ದೊರೆಯಬೇಕೆಂದು ಸಮಿತಿಯು ಸೂಚಿಸಿತು. 1921ರಲ್ಲಿ ಇದಕ್ಕನುಗುಣವಾಗಿ ಸರ್ಕಾರದ ಆಜ್ಞೆಯೂ ಹೊರಟಿತು. ಲಿಂಗಾಯತರು ಆಗ ಹಿಂದುಳಿದವರೆಂದೇ ಪರಿಗಣಿತರಾಗಿದ್ದರು.

1956ರ ಏಕೀಕರಣದಿಂದ ನಾಡಿನ ರಾಜಕೀಯವೇ ಮಾರ್ಪಟ್ಟಿತು. ಉತ್ತರದ ಜಿಲ್ಲೆಗಳು ಸೇರಿದುದರಿಂದ ಲಿಂಗಾಯತರ ಸಂಖ್ಯಾಬಲವು ಹೆಚ್ಚಿತು, ಮಂತ್ರಿಪದವಿಗಳೂ ದೊರೆತುವು. ನಾಗನಗೌಡ ಸಮಿತಿಯು 1961ರಲ್ಲಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಬಿಡಲು ಹೇಳಿದರೂ ನಿಜಲಿಂಗಪ್ಪನವರ ಸರ್ಕಾರವು ಅವರನ್ನು ಉಳಿಸಿಕೊಂಡು, 1962ರ ಜುಲೈಯಲ್ಲಿ ನೂರಕ್ಕೆ 68ರಷ್ಟು ಸ್ಥಾನಗಳನ್ನು ಕಾದಿರಿಸಿತು. ಸರ್ವೋಚ್ಚ ನ್ಯಾಯಾಲಯವು ಅದೇ ಸೆಪ್ಟೆಂಬರಿನಲ್ಲಿ ಆ ಆಜ್ಞೆಯನ್ನು ರದ್ದುಗೊಳಿಸಿ, ಜಾತಿಯೊಂದೇ ಅಳತೆಗೋಲಾಗಲಾರದೆಂದೂ ಮೀಸಲಾತಿಯು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿರಬೇಕೆಂದೂ ತೀರ್ಮಾನಿಸಿತು.

ಸಣ್ಣ ಸಮುದಾಯಗಳ ಬೆಂಬಲವನ್ನು ನೆಚ್ಚಿದ ದೇವರಾಜ ಅರಸರು 1972ರಲ್ಲಿ ಹಾವನೂರ್ ಆಯೋಗವನ್ನು ನೇಮಿಸಿದರು. 1975ರಲ್ಲಿ ಬಂದ ಅದರ ವರದಿಯಲ್ಲಿ ಲಿಂಗಾಯತರಿಗೆ ಸ್ಥಾನವಿರಲಿಲ್ಲ. 1986ರಲ್ಲಿ ವೆಂಕಟಸ್ವಾಮಿ ಆಯೋಗವೂ ಅವರನ್ನು ಬಿಟ್ಟಿತು. ಆದರೆ ಪ್ರತಿಭಟನೆಗಳೆದ್ದ ಮೇಲೆ ರಾಮಕೃಷ್ಣ ಹೆಗಡೆಯವರ ಸರ್ಕಾರವು ಆ ವರದಿಯನ್ನು ಒಪ್ಪಲಿಲ್ಲ. ಸಮಾಜದ ಸ್ಥಿತಿಯು ಮೆಲ್ಲಗೆ ಬದಲಾಗುವುದು. ಪಟ್ಟಿಯಾದರೋ ಅಧಿಕಾರದ ಗಾಳಿ ಬೀಸಿದತ್ತ ತಿರುಗುವುದು.

ಇದರಿಂದ ರಾಜಾಶ್ರಯವು ವ್ಯರ್ಥವೆಂದು ತಿಳಿಯಲಾಗದು. 1921ರ ಆಜ್ಞೆಯು ಅನೇಕರಿಗೆ ಕಚೇರಿಯ ಬಾಗಿಲನ್ನು ತೆರೆಯಿತು. ಆದರೆ ಅದಕ್ಕೂ ಮುಂಚೆ, 1916ರಲ್ಲಿ, ಬೆಳಗಾವಿಯಲ್ಲಿ ಉಪಾಧ್ಯಾಯರೇ ಮುಂದಾಗಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಯನ್ನು ಸ್ಥಾಪಿಸಿದ್ದರು. ಸಿದ್ಧಗಂಗೆಯೇ ಮೊದಲಾದ ಮಠಗಳು ಜಾತಿಯನ್ನು ಕೇಳದೆ ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದುವು. ಸರ್ಕಾರದ ಪಟ್ಟಿಯಲ್ಲಿ ತಮ್ಮ ಹೆಸರನ್ನು ಅರಸುವುದಕ್ಕಿಂತ ಮೊದಲು, ತಮ್ಮೂರಿನಲ್ಲಿ ಓದಿಲ್ಲದೆ ಉಳಿದ ಮಗುವು ಯಾವುದೆಂದು ಅರಸುವುದು ಶಿವಭಕ್ತರ ಧರ್ಮ. ಈ ದಾಸೋಹವು ಯಾವ ಮಂತ್ರಿಮಂಡಲವು ಬದಲಾದರೂ ನಿಲ್ಲತಕ್ಕುದಲ್ಲ.